ಗಬ್ಬದ ಹಸು ಬೆದರಿದರೆ ಅಂಜಿಕೆ ಕರುವಿಗೂ ಇಳಿಯುತ್ತದೆಯೇ?

ಪರ

ನಮ್ಮದು ತೀರ್ಥಹಳ್ಳಿ ಕಡೆ. ಗಿಡ್ಡ ಹಸು ಕೆಂಪಿ ಗಬ್ಬ ಇದ್ದಾಗ ಪಕ್ಕದ ತೋಟದಲ್ಲಿ ಮಂಗ ಓಡಿಸಲು ದಿನವೂ ಗರ್ನಾಲು ಹೊಡೆಯುತ್ತಿದ್ದರು. ಸದ್ದಾದಾಗಲೆಲ್ಲ ಅದು ಹಗ್ಗ ಜಗ್ಗಿ ಗೋದಲಿಗೆ ಮೈ ಹೊಡೆದುಕೊಳ್ಳುತ್ತಿತ್ತು, ಹುಲ್ಲು ಮೂಸುತ್ತಲೂ ಇರಲಿಲ್ಲ. ಈಗ ಅದರ ಕರು ಹಾಲಿನ ಪಾತ್ರೆ ಕೆಳಗಿಟ್ಟರೂ ನಡುಗಿ ತಾಯಿಯ ಹೊಟ್ಟೆಯಡಿ ನುಗ್ಗುತ್ತದೆ. ಹಿಂದಿನ ಎರಡು ಕರುಗಳು ಹೀಗಿರಲಿಲ್ಲ.

ಇದು ನನ್ನೊಬ್ಬಳ ಅನುಮಾನವಲ್ಲ. 1957ರಲ್ಲಿ ಥಾಂಪ್ಸನ್ ಎಂಬ ವಿಜ್ಞಾನಿ, ಬಜರ್ ಸದ್ದಾದರೆ ಶಾಕ್ ಹೊಡೆಯುತ್ತದೆ ಎಂಬುದನ್ನು ಹೆಣ್ಣಿಲಿಗಳಿಗೆ ಮೊದಲೇ ಕಲಿಸಿದರು. ಬಸಿರಾದ ಮೇಲೆ ಶಾಕ್ ಕೊಡಲಿಲ್ಲ, ಸದ್ದು ಮಾತ್ರ ಕೇಳಿಸಿದರು. ತಪ್ಪಿಸಿಕೊಳ್ಳುವ ಬಾಗಿಲು ಮುಚ್ಚಿತ್ತು. ಹುಟ್ಟಿದ ಮರಿಗಳು ಗೂಡಿನಿಂದ ಹೊರಗೆ ಹೆಜ್ಜೆಯಿಡಲು ಹಿಂಜರಿದವು. ಬೇರೆ ತಾಯಿಯ ಹತ್ತಿರ ಬೆಳೆದವೂ ಹಾಗೇ ಇದ್ದವು. ಹೆದರಿದಾಗ ತಾಯಿಯ ರಕ್ತದಲ್ಲಿ ಏರುವ ಒತ್ತಡದ ಹಾರ್ಮೋನನ್ನು ಮಾಸು ಬಹುಮಟ್ಟಿಗೆ ತಡೆಯುತ್ತದೆ. ಒತ್ತಡ ದಿನಗಟ್ಟಲೆ ಎಳೆದರೆ ಆ ತಡೆ ಸಡಿಲವಾಗುವುದು ಇಲಿಗಳಲ್ಲಿ ಕಂಡಿದೆ.

ಗಬ್ಬದ ದನ ಇರುವ ಕೊಟ್ಟಿಗೆಯ ಪಕ್ಕದಲ್ಲಾದರೂ ಗರ್ನಾಲು ಹೊಡೆಯಬೇಡಿ ಎಂದು ನಾನು ಮನೆಮನೆಗೆ ಹೋಗಿ ಕೇಳಿದ್ದೇನೆ. ಇನ್ನೂ ಕೇಳುತ್ತೇನೆ.

ವಿರೋಧ

ಅಕ್ಕನ ಕರು ಅಂಜುತ್ತದೆ, ನಾನೂ ನೋಡಿದ್ದೇನೆ. ಆದರೆ ಗರ್ನಾಲು ಕರು ಹುಟ್ಟಿದ ಮೇಲೂ ನಿಂತಿಲ್ಲವಲ್ಲ! ತಾಯಿ ಬೆಚ್ಚಿದಾಗ ಪಕ್ಕದಲ್ಲಿ ನಿಂತ ಕರುವೂ ಬೆಚ್ಚುತ್ತದೆ. ಸಾಲದ್ದಕ್ಕೆ ಈ ಸಲ ಹೋರಿಯೂ ಬೇರೆ. ಇಷ್ಟೆಲ್ಲ ಇರುವಾಗ ಬಸಿರಿನ ಮೇಲೊಂದೇ ತಪ್ಪು ಹೊರಿಸುವುದು ಹೇಗೆ?

ಒತ್ತಡವೆಲ್ಲ ಕೆಡುಕೂ ಅಲ್ಲ. ಕೆನಡಾದ ಯೂಕಾನ್ ಕಾಡಿನಲ್ಲಿ ಬಸಿರು ಅಳಿಲುಗಳಿಗೆ ಬೇರೆ ಅಳಿಲುಗಳ ಕೂಗನ್ನು ರೆಕಾರ್ಡ್ ಮಾಡಿ ಕೇಳಿಸಿದರು. ಸುತ್ತ ಪೈಪೋಟಿ ಹೆಚ್ಚಿದೆ ಎಂದುಕೊಂಡ ಆ ತಾಯಂದಿರ ಮರಿಗಳು ಬೇಗ ಬೆಳೆದವು. 2013ರಲ್ಲಿ ಅದು ಪ್ರಕಟವಾಯಿತು. ನಮ್ಮ ಗಿಡ್ಡ ತಳಿಯೂ ಕಾಡಿಗೆ ಮೇಯಲು ಹೋಗುವ ದನ. ಚಿರತೆ ಓಡಾಡುವ ಕಡೆ ಕಿವಿ ನಿಮಿರಿಸುವ ಕರು ಸಂಜೆ ಮನೆಗೆ ಬರುತ್ತದೆ.

ನನಗೆ ಹೆಚ್ಚು ನೋವಾಗುವುದು ಬೇರೆ ವಿಷಯಕ್ಕೆ. ಹುಟ್ಟಿನಿಂದಲೇ ಅಂಜುಬುರುಕ ಎಂದುಬಿಟ್ಟರೆ ಆ ಕರುವಿನ ಹತ್ತಿರ ಯಾರೂ ಹೋಗುವುದಿಲ್ಲ. ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಅವರ ತಂಡ, ಮರಿಗಳನ್ನು ಅಷ್ಟಾಗಿ ನೆಕ್ಕದ ಇಲಿಯ ಮರಿಗಳನ್ನು ಚೆನ್ನಾಗಿ ನೆಕ್ಕುವ ತಾಯಿಯ ಮಡಿಲಿಗೆ ಹಾಕಿತು. ಅವು ಧೈರ್ಯವಾಗಿ ಬೆಳೆದವು.

ದಿನಾ ಸಂಜೆ ಹೋಗಿ ಆ ಕರುವಿನ ಗಂಗೆದೊಗಲು ತುರಿಸುತ್ತೇನೆ. ಮೊದಲ ವಾರ ಒದೆಯಿತು. ಮೊನ್ನೆ ನಾನು ಕೈ ತೆಗೆದ ಕೂಡಲೇ ಕತ್ತು ಮುಂದೆ ಚಾಚಿತು.