ಮೆಲ್ ಅವರ ಲೂಪು, ಬೆಟ್ಟಿ ಅವರ ಸ್ವಿಚ್ಚು

ಜಾನಪದ ಎಂದ ಕೂಡಲೇ ನಮಗೆ ನೆನಪಾಗುವುದು ಬೀಸುವ ಕಲ್ಲಿನ ಪದ, ಕಂಸಾಳೆ, ಮಲೆ ಮಾದೇಶ್ವರನ ಕಾವ್ಯ. ಕಂಪ್ಯೂಟರ್ ಪ್ರೋಗ್ರಾಮರ್‌ಗಳಿಗೂ ಅವರದೇ ಆದ ಜಾನಪದವಿದೆ ಎಂದರೆ ಕೇಳಿದವರು ಅದನ್ನೊಂದು ಚಮತ್ಕಾರದ ಮಾತೆಂದು ಭಾವಿಸುತ್ತಾರೆ. ನಾನು ಆ ಪದವನ್ನು ಅದರ ಪೂರ್ಣ ಅರ್ಥದಲ್ಲಿಯೇ ಬಳಸುತ್ತಿದ್ದೇನೆ. ಅಲ್ಲಿಯೂ ಒಬ್ಬರಿಂದ ಒಬ್ಬರಿಗೆ ದಾಟಿಕೊಂಡು ಬಂದ ಕತೆಗಳಿವೆ, ಹೇಳುವವರು ಬದಲಾದಂತೆ ಬದಲಾಗುವ ಪಾಠಾಂತರಗಳಿವೆ, ಪವಾಡಪುರುಷರಿದ್ದಾರೆ, ಒಳಗಿನವರಿಗೆ ಮಾತ್ರ ನಗು ತರಿಸುವ ಒಗಟುಗಳಿವೆ. ಚರಿತ್ರೆಯ ಪುಸ್ತಕಗಳು ಯಾವ ವರ್ಷ ಯಾವ ಯಂತ್ರ ಬಂತು, ಯಾವ ಕಂಪನಿ ಮೇಲೆ ಬಂತು ಎಂಬುದನ್ನು ಹೇಳುತ್ತವೆ. ಆ ಯಂತ್ರದ ಮುಂದೆ ರಾತ್ರಿಯಿಡೀ ಕುಳಿತವರಿಗೆ ಏನನ್ನಿಸಿತು, ಅವರು ಯಾವುದಕ್ಕೆ ತಲೆಬಾಗಿದರು, ಯಾವುದನ್ನು ಕಂಡು ನಕ್ಕರು ಎಂಬುದು ಉಳಿದಿರುವುದು ಈ ಕತೆಗಳಲ್ಲಿ. ಆದ್ದರಿಂದಲೇ ಈ ಕತೆಗಳಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬ ಪ್ರಶ್ನೆ ಇದೇ ವೃತ್ತಿಯಲ್ಲಿರುವ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಈ ಪರಂಪರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಹೇಳಲ್ಪಟ್ಟ ಕತೆಯಿಂದಲೇ ಶುರುಮಾಡುತ್ತೇನೆ. 1983ರ ಮೇ ತಿಂಗಳಿನಲ್ಲಿ ಎಡ್ ನೇದರ್ ಎಂಬ ಖಗೋಳ ವಿಜ್ಞಾನಿ, ತಾವು ಹಿಂದೆ ರಾಯಲ್ ಮೆಕ್‌ಬೀ ಎಂಬ ಅಮೆರಿಕದ ಕಂಪನಿಯಲ್ಲಿದ್ದಾಗ ಕಂಡಿದ್ದ ಮೆಲ್ ಎಂಬ ಪ್ರೋಗ್ರಾಮರ್ ಕುರಿತು ಯೂಸ್‌ನೆಟ್ ಎಂಬ ಅಂದಿನ ಕಂಪ್ಯೂಟರ್ ಚರ್ಚಾಜಾಲದಲ್ಲಿ ಬರೆದರು. ಆ ಕಂಪನಿ ಮಾರುತ್ತಿದ್ದ ಎಲ್‌ಜಿಪಿ-30 ಎಂಬ ಯಂತ್ರ ಒಂದು ದೊಡ್ಡ ಮೇಜಿನಷ್ಟಿತ್ತು. ಅದರ ಮೆಮೊರಿಯೆಂದರೆ ಸದಾ ತಿರುಗುತ್ತಿರುವ ಒಂದು ಕಾಂತೀಯ ಡ್ರಮ್. ಅದರಲ್ಲಿ ಹಿಡಿಸುತ್ತಿದ್ದದ್ದು ಒಟ್ಟು 4096 ವರ್ಡ್‌ಗಳು, ಅಂದರೆ ತಲಾ ಒಂದು ಸಂಖ್ಯೆಯನ್ನೋ ಆದೇಶವನ್ನೋ ಇಡಬಹುದಾದ ಖಾನೆಗಳು. (ಆರಂಭದ ಅತಿ ಸಣ್ಣ ವ್ಯತ್ಯಾಸ ಮುಂದೆ ಭಾರೀ ವ್ಯತ್ಯಾಸವಾಗಿ ಬೆಳೆಯುವ, ಚಿಟ್ಟೆ ಪರಿಣಾಮವೆಂದು ಹೆಸರಾದ ವಿದ್ಯಮಾನವನ್ನು ಎಡ್ವರ್ಡ್ ಲೊರೆನ್ಜ್ ಅವರು ಹವಾಮಾನದ ಲೆಕ್ಕ ಹಾಕುತ್ತಾ ಗುರುತಿಸಿದ್ದು ಇದೇ ಮಾದರಿಯ ಯಂತ್ರದಲ್ಲಿ ಎಂಬುದು ನೆನಪಾದಾಗಲೆಲ್ಲ ನನಗೆ ಆ ಪುಟ್ಟ ಮೆಮೊರಿಯ ಬಗ್ಗೆ ಗೌರವ ಹೆಚ್ಚುತ್ತದೆ.) ಮೆಲ್ ಈ ಯಂತ್ರಕ್ಕಾಗಿ ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟಿನ ಆಟವನ್ನು ಬರೆದಿದ್ದರು. ಗ್ರಾಹಕರನ್ನು ಸೆಳೆಯಲು ಮಾರಾಟದವರಿಗೆ ಅದು ಬಹಳ ಅನುಕೂಲವಾಗಿತ್ತು. ಕಂಪನಿಯ ಹೊಸ ಯಂತ್ರವಾದ ಆರ್‌ಪಿಸಿ-4000 ಬಂದಾಗ ಅದಕ್ಕೂ ಅದೇ ಆಟವನ್ನು ಹೊಸದಾಗಿ ಬರೆಯುವ ಕೆಲಸ ಅವರ ಪಾಲಿಗೆ ಬಂತು.

ಆ ಹೊಸ ಯಂತ್ರದಲ್ಲಿ ಪ್ರತಿಯೊಂದು ಆದೇಶದೊಳಗೂ ಮುಂದಿನ ಆದೇಶ ಡ್ರಮ್ಮಿನ ಮೇಲೆ ಎಲ್ಲಿದೆ ಎಂಬ ವಿಳಾಸವಿರುತ್ತಿತ್ತು. ಡ್ರಮ್ಮು ನಿಲ್ಲದೆ ತಿರುಗುತ್ತಿರುವುದರಿಂದ, ಒಂದು ಆದೇಶ ಮುಗಿಯುವ ಹೊತ್ತಿಗೆ ಸರಿಯಾಗಿ ಮುಂದಿನದು ಓದುವ ಹೆಡ್ಡಿನ ಕೆಳಗೆ ಬಂದಿರಬೇಕು. ಕೂದಲೆಳೆಯಷ್ಟು ತಡವಾದರೂ ಬಸ್ಸು ತಪ್ಪಿಸಿಕೊಂಡವನಂತೆ ಮತ್ತೊಂದು ಪೂರ್ತಿ ಸುತ್ತು ಕಾಯಬೇಕು. ಈ ಲೆಕ್ಕವನ್ನು ತಾನೇ ಹಾಕಿ ಆದೇಶಗಳನ್ನು ಡ್ರಮ್ಮಿನ ಮೇಲೆ ಹೊಂದಿಸಿ ಕೊಡುವ, ಅಸೆಂಬ್ಲರ್ ಎಂಬ ಸಹಾಯಕ ಪ್ರೋಗ್ರಾಂ ಒಂದು ಇದ್ದರೂ ಮೆಲ್ ಅದನ್ನು ಮುಟ್ಟಲಿಲ್ಲ. ಯಾವ ಆದೇಶ ಎಲ್ಲಿ ಕುಳಿತಿದೆ ಎಂಬುದು ಬರೆದವರಿಗೇ ತಿಳಿಯದಿದ್ದರೆ ಏನು ಪ್ರಯೋಜನ ಎಂಬುದು ಅವರ ನಿಲುವು. ಒಂದು ಕಡೆ ಆದೇಶವಾಗಿ ಬರೆದಿದ್ದ ಸಂಖ್ಯೆಯನ್ನೇ ಅವರು ಇನ್ನೊಂದು ಕಡೆ ಲೆಕ್ಕದ ಅಂಕಿಯಾಗಿ ಬಳಸಿಕೊಳ್ಳುತ್ತಿದ್ದರು. ಟೈಪ್‌ರೈಟರಿಗೆ ಅಕ್ಷರ ಕಳುಹಿಸುವಾಗ ಸ್ವಲ್ಪ ತಡ ಬೇಕೆನಿಸಿದರೆ ಅದಕ್ಕಾಗಿ ಬೇರೆ ಲೂಪು, ಅಂದರೆ ಮತ್ತೆ ಮತ್ತೆ ಸುತ್ತುವ ಆದೇಶಗಳ ಗುಂಪು, ಬರೆಯುತ್ತಿರಲಿಲ್ಲ. ಮುಂದಿನ ಆದೇಶವನ್ನು ಹೆಡ್ಡು ಆಗಷ್ಟೇ ದಾಟಿ ಹೋದ ಜಾಗದಲ್ಲಿ ಬೇಕೆಂದೇ ಇಡುತ್ತಿದ್ದರು, ಡ್ರಮ್ಮಿನ ಒಂದು ಸುತ್ತೇ ಅವರಿಗೆ ಬೇಕಾದ ವಿಳಂಬವಾಗುತ್ತಿತ್ತು.

ಗ್ರಾಹಕರು ಸೋತು ಬೇಸರಗೊಳ್ಳದಿರಲೆಂದು, ಒಂದು ಸ್ವಿಚ್ಚು ಒತ್ತಿದರೆ ಅವರೇ ಗೆಲ್ಲುವಂತೆ ಆಟವನ್ನು ತಿದ್ದಿಕೊಡಬೇಕೆಂದು ಮಾರಾಟದವರು ಕೇಳಿದರು. ಅದು ಮೋಸವೆಂದು ಮೆಲ್ ಒಪ್ಪಲಿಲ್ಲ. ಮೇಲಧಿಕಾರಿಗಳು ಒತ್ತಾಯಿಸಿದ ಮೇಲೆ ಬರೆದುಕೊಟ್ಟರು. ಆದರೆ ಪರೀಕ್ಷಿಸುವ ಜಾಗದಲ್ಲಿ ತಿರುಗುಮುರುಗಾಗಿ, ಸ್ವಿಚ್ಚು ಒತ್ತಿದಾಗಲೆಲ್ಲ ಯಂತ್ರವೇ ಗೆಲ್ಲತೊಡಗಿತು. ತಮ್ಮ ಸುಪ್ತಮನಸ್ಸಿಗೆ ತಮಗಿಂತ ಹೆಚ್ಚು ನೀತಿ ಇದೆ ಎಂದು ಮೆಲ್ ಖುಷಿಪಟ್ಟರಂತೆ. ಅದನ್ನು ಸರಿಪಡಿಸಲು ಕಡೆಯವರೆಗೂ ಒಪ್ಪಲಿಲ್ಲವಂತೆ.

ಅವರು ಕಂಪನಿ ಬಿಟ್ಟ ಮೇಲೆ ಆ ದೋಷವನ್ನು ಹುಡುಕುವ ಕೆಲಸ ನೇದರ್ ಅವರಿಗೆ ಬಂತು. ಆಗ ಅವರ ಕಣ್ಣಿಗೆ ಬಿದ್ದದ್ದು ಕೊನೆಯೇ ಇಲ್ಲದ ಒಂದು ಲೂಪು. ಯಾವ ಲೂಪಿನಲ್ಲಾದರೂ ‘ಮುಗಿಯಿತೇ?’ ಎಂದು ಕೇಳುವ ಒಂದು ಪರೀಕ್ಷೆ ಇರಲೇಬೇಕು, ಇದರಲ್ಲಿ ಇರಲಿಲ್ಲ. ಶಾಸ್ತ್ರದ ಪ್ರಕಾರ ಒಳಹೊಕ್ಕ ಪ್ರೋಗ್ರಾಂ ಅಲ್ಲೇ ಸುತ್ತುತ್ತಾ ಬಿದ್ದಿರಬೇಕಿತ್ತು, ಆದರೆ ಅದು ನಿರಾತಂಕವಾಗಿ ಇನ್ನೊಂದು ಬದಿಯಿಂದ ಹೊರಗೆ ಬರುತ್ತಿತ್ತು. ಅದರ ಗುಟ್ಟು ತಿಳಿಯಲು ನೇದರ್ ಅವರಿಗೆ ಎರಡು ವಾರ ಹಿಡಿಯಿತು. ಮೆಲ್ ತಮ್ಮ ದತ್ತಾಂಶವನ್ನೆಲ್ಲ ಮೆಮೊರಿಯ ಕಟ್ಟಕಡೆಯ ವಿಳಾಸಗಳಲ್ಲಿ ಇಟ್ಟಿದ್ದರು. ಲೂಪಿನ ಪ್ರತಿ ಸುತ್ತಿನಲ್ಲೂ ಆದೇಶದೊಳಗಿನ ವಿಳಾಸಕ್ಕೆ ಒಂದು ಕೂಡುತ್ತಿತ್ತು. ಕೊನೆಯ ವಿಳಾಸವೂ ಮುಗಿದಾಗ ಆ ಕೂಡುವಿಕೆಯಲ್ಲಿ ಮುಂದಿನ ಸ್ಥಾನಕ್ಕೆ ಒಯ್ಯುವ ದಶಕ ಉಕ್ಕಿ ಪಕ್ಕದಲ್ಲಿದ್ದ ಆದೇಶದ ಸಂಕೇತಕ್ಕೆ ಸೇರಿ, ಆದೇಶವೇ ಬದಲಾಗಿ, ‘ಇಲ್ಲಿಂದ ಜಿಗಿ’ ಎಂಬ ಆದೇಶವಾಗುತ್ತಿತ್ತು. ಉಳಿದ ವಿಳಾಸ ಸೊನ್ನೆಯಾದ್ದರಿಂದ ಪ್ರೋಗ್ರಾಂ ಸೊನ್ನೆಯ ಮನೆಗೆ ಹೋಗಿ ತನ್ನ ಮುಂದಿನ ಕೆಲಸ ಶುರುಮಾಡುತ್ತಿತ್ತು. ಇದನ್ನು ಕಂಡ ಮೇಲೆ ದೋಷವನ್ನು ತಿದ್ದಲು ನೇದರ್ ಅವರಿಗೆ ಮನಸ್ಸಾಗಲಿಲ್ಲ. ಸಿಗಲಿಲ್ಲವೆಂದು ಮೇಲಧಿಕಾರಿಗೆ ಹೇಳಿಬಿಟ್ಟರು.

ಈ ಕತೆಯ ಮುಂದಿನ ಪಯಣ ಜಾನಪದದ ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ನೇದರ್ ಬರೆದದ್ದು ಗದ್ಯ. ಅದು ಕೈಯಿಂದ ಕೈಗೆ ದಾಟುವಾಗ ಯಾರೋ ಸಾಲುಗಳನ್ನು ಒಡೆದರು, ಕೆಲವು ಸುತ್ತುಗಳಾದ ಮೇಲೆ ಅದು ಮುಕ್ತಛಂದಸ್ಸಿನ ಕಥನಕಾವ್ಯವಾಗಿ ತಿರುಗಾಡತೊಡಗಿತು. ಒಡೆದವರ ಹೆಸರು ಕತೆಯ ಜೊತೆ ಉಳಿಯಲಿಲ್ಲ. ಮೂಲ ಲೇಖಕರೂ ಆ ರೂಪವೇ ಚೆನ್ನಾಗಿದೆಯೆಂದು ಒಪ್ಪಿಕೊಂಡರು. ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು: ಎಲ್‌ಜಿಪಿ-30ರ ಒಂದು ಕಂಪೈಲರಿನ (ಮನುಷ್ಯರಿಗೆ ಸುಲಭವಾದ ಭಾಷೆಯಲ್ಲಿ ಬರೆದದ್ದನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಪ್ರೋಗ್ರಾಮಿನ) ಹಳೆಯ ಕೈಪಿಡಿಯಲ್ಲಿ, ಪ್ರೋಗ್ರಾಮಿಂಗ್‌ನ ಬಹುಪಾಲು ಮಾಡಿದವರೆಂದು ಮೆಲ್ ಕೇ ಎಂಬುವರನ್ನು ಸ್ಮರಿಸಲಾಗಿದೆ. ಕತೆಯೊಳಗಿನ ಮೆಲ್ ಕಂಪೈಲರುಗಳನ್ನು ಕಂಡರೆ ಮುಖ ತಿರುಗಿಸುವ ಮನುಷ್ಯ. ದಾಖಲೆಯೊಳಗಿನ ಮೆಲ್ ಇತರರ ಅನುಕೂಲಕ್ಕೆ ಕಂಪೈಲರ್ ಬರೆದುಕೊಟ್ಟ ಮನುಷ್ಯ. ಕತೆ ತನಗೆ ಬೇಕಾದ ಗುಣಗಳನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿತು. ಇದರಿಂದ ನೇದರ್ ಸುಳ್ಳು ಹೇಳಿದರೆಂದು ಆಗುವುದಿಲ್ಲ. ಕೇಳುವವರು ಯಾವ ಬಗೆಯ ನಾಯಕನಿಗಾಗಿ ಹಂಬಲಿಸುತ್ತಿದ್ದರು ಎಂಬುದು ಇದರಿಂದ ಗೊತ್ತಾಗುತ್ತದೆ.

ಇಂತಹ ಕತೆಗಳಿಗೆ ಒಂದು ಕೆಲಸವಿತ್ತು. ಡ್ರಮ್ಮು ತಿರುಗುವುದು ಗೊತ್ತಿಲ್ಲದವರಿಗೆ ಮೆಲ್ ಕತೆಯಲ್ಲಿ ನಗು ಬರುವುದಿಲ್ಲ, ಬೆರಗೂ ಆಗುವುದಿಲ್ಲ. ನಕ್ಕವರು ಯಂತ್ರದ ಒಳಗನ್ನು ಅರಿತಿದ್ದಾರೆಂದೇ ಅರ್ಥ. 1972ರಲ್ಲಿ ಪ್ರಿನ್ಸ್‌ಟನ್‌ನ ಇಬ್ಬರು ವಿದ್ಯಾರ್ಥಿಗಳು, ಡಾನ್ ವುಡ್ಸ್ ಮತ್ತು ಜೇಮ್ಸ್ ಲಯನ್, ಇಂಟರ್‌ಕ್ಯಾಲ್ ಎಂಬ ಪರಿಹಾಸ್ಯದ ಭಾಷೆಯನ್ನು ಕಟ್ಟಿದರು. ಅದರಲ್ಲಿ ‘ದಯವಿಟ್ಟು’ ಎಂದು ಸಾಕಷ್ಟು ಸಲ ಬರೆಯದಿದ್ದರೆ ಕಂಪೈಲರ್ ಪ್ರೋಗ್ರಾಮನ್ನು ತಿರಸ್ಕರಿಸುತ್ತದೆ, ಅತಿಯಾಗಿ ಬರೆದರೆ ಅತಿವಿನಯವೆಂದು ಮತ್ತೆ ತಿರಸ್ಕರಿಸುತ್ತದೆ. ಯಂತ್ರದ ಹಟಮಾರಿ ವ್ಯಾಕರಣಕ್ಕೆ ದಿನವಿಡೀ ತಲೆಬಾಗಿ ದಣಿದವರು ಮಾತ್ರ ಕಟ್ಟಬಲ್ಲ ಹಾಸ್ಯವದು.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದ ಸ್ವಿಚ್ಚಿನ ಕತೆಯಲ್ಲಿ ಭಯವೂ ಸೇರಿಕೊಂಡಿದೆ. ಇದನ್ನು ಹೇಳಿದವರು ಗೈ ಸ್ಟೀಲ್ ಎಂಬ ಪ್ರೋಗ್ರಾಮರ್. ಅಲ್ಲಿನ ಪಿಡಿಪಿ-10 ಯಂತ್ರದ ಕಪಾಟಿನ ಚೌಕಟ್ಟಿಗೆ ಯಾರೋ ಮನೆಯಲ್ಲೇ ಮಾಡಿದಂತಿದ್ದ ಒಂದು ಸಣ್ಣ ಸ್ವಿಚ್ಚನ್ನು ಅಂಟಿಸಿದ್ದರು. ಒಂದು ಬದಿಗೆ ‘ಮ್ಯಾಜಿಕ್’, ಇನ್ನೊಂದು ಬದಿಗೆ ‘ಇನ್ನೂ ಹೆಚ್ಚಿನ ಮ್ಯಾಜಿಕ್’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಹಿಂದೆ ನೋಡಿದರೆ ಒಂದೇ ಒಂದು ತಂತಿ. ಎರಡು ತಂತಿಯಿಲ್ಲದೆ ಸ್ವಿಚ್ಚು ಏನನ್ನೂ ಮಾಡಲಾರದೆಂಬ ಧೈರ್ಯದಿಂದ ಸ್ಟೀಲ್ ಮತ್ತು ಜೊತೆಗಿದ್ದವರು ಅದನ್ನು ‘ಮ್ಯಾಜಿಕ್’ ಕಡೆಗೆ ಒತ್ತಿದರು, ಯಂತ್ರ ತಕ್ಷಣ ನಿಂತುಹೋಯಿತು. ಕಾಕತಾಳೀಯವೆಂದುಕೊಂಡು ಯಂತ್ರವನ್ನು ಮತ್ತೆ ಎಬ್ಬಿಸಿದರು. ವರ್ಷದ ನಂತರ ಇನ್ನೊಬ್ಬರಿಗೆ ತೋರಿಸಲು ಮತ್ತೆ ಒತ್ತಿದಾಗ ಮತ್ತೆ ನಿಂತಿತು. ಕೊನೆಗೆ ರಿಚರ್ಡ್ ಗ್ರೀನ್‌ಬ್ಲಾಟ್ ಬಂದು ಪರೀಕ್ಷಿಸಿ, ಇದು ನಿಷ್ಪ್ರಯೋಜಕವೆಂದು ಸ್ವಿಚ್ಚನ್ನೇ ಕತ್ತರಿಸಿ ತೆಗೆದರು. ಸ್ವಿಚ್ಚಿನ ಲೋಹದ ಕವಚವೇ ಎರಡನೆಯ ತಂತಿಯಂತೆ ವರ್ತಿಸಿ, ಯಂತ್ರದೊಳಗಿನ ಅರ್ತಿಂಗಿಗೂ ಹೊರಕವಚದ ಅರ್ತಿಂಗಿಗೂ ಇದ್ದ ಸಣ್ಣ ವೋಲ್ಟೇಜ್ ವ್ಯತ್ಯಾಸ ಅದರ ಮೂಲಕ ಹರಿದಿರಬಹುದೆಂಬ ವಿವರಣೆ ಆಮೇಲೆ ಬಂತು. ವಿವರಣೆ ಸಿಕ್ಕರೂ ಕತೆ ಸಪ್ಪೆಯಾಗಲಿಲ್ಲ. ಶಾಸ್ತ್ರ ಓದಿದವರೂ ಯಂತ್ರದ ಎದುರಿಗೆ ‘ನನಗೆ ಎಲ್ಲ ಗೊತ್ತು’ ಎನ್ನಬಾರದೆಂಬ ಎಚ್ಚರವನ್ನು ಹೊಸಬರಿಗೆ ದಾಟಿಸಲು ನನಗೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ.

ಕಂಪ್ಯೂಟರ್ ಪ್ರೋಗ್ರಾಮಿಂಗ್‌ನ ಆದ್ಯರಲ್ಲಿ ಒಬ್ಬರಾದ ಗ್ರೇಸ್ ಹಾಪರ್ ಅವರ ಪತಂಗದ ಕತೆ ಎಲ್ಲರಿಗೂ ಗೊತ್ತಿರುವುದೇ ಆದರೂ ಅದನ್ನು ನಾವು ಹೇಳುವ ರೀತಿ ತಪ್ಪಾಗಿದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನಲ್ಲಿ ಮಾರ್ಕ್ 2 ಯಂತ್ರದ ಎಫ್ ಪ್ಯಾನೆಲ್ಲಿನ 70ನೆಯ ರಿಲೇಯಲ್ಲಿ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನಲ್ಲಿ) ಸಿಕ್ಕಿಕೊಂಡಿದ್ದ ಪತಂಗವನ್ನು ಯಂತ್ರ ನಡೆಸುತ್ತಿದ್ದವರು ದಿನಚರಿಗೆ ಟೇಪಿನಿಂದ ಅಂಟಿಸಿ, ನಿಜವಾದ ‘ಬಗ್’ (ಹುಳ) ಸಿಕ್ಕಿದ ಮೊದಲ ಪ್ರಕರಣ ಇದು ಎಂದು ಬರೆದಿಟ್ಟರು. ಯಂತ್ರದ ದೋಷವನ್ನು ಹುಳವೆಂದು ಕರೆಯುವುದು ಅದಕ್ಕೂ ಬಹಳ ಹಿಂದೆ, ಎಡಿಸನ್ ಕಾಲದಲ್ಲಿಯೇ ಇತ್ತು. ಇದ್ದುದರಿಂದಲೇ ಆ ಸಾಲು ಹಾಸ್ಯವಾಯಿತು. ಹಾಪರ್ ಆ ಹುಳವನ್ನು ಹಿಡಿದವರಲ್ಲ, ಆ ಕತೆಯನ್ನು ದಶಕಗಳ ಕಾಲ ಸಭೆಯಿಂದ ಸಭೆಗೆ ಹೊತ್ತುಕೊಂಡು ಹೋದವರು. ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚಿ, ಒಂದು ನ್ಯಾನೊಸೆಕೆಂಡಿನಲ್ಲಿ ವಿದ್ಯುತ್ತು ದಾಟಬಲ್ಲ ಗರಿಷ್ಠ ದೂರ ಇಷ್ಟೇ ಎಂದು ತೋರಿಸುತ್ತಿದ್ದವರೂ ಅವರೇ. ಅಂತಹ ಕತೆಗಾರ್ತಿಯನ್ನು ಹುಳ ಹಿಡಿದವರನ್ನಾಗಿ ಮಾತ್ರ ನೆನೆಯುವುದು ಅವರಿಗೆ ಮಾಡುವ ಅನ್ಯಾಯ.

ಇನ್ನೂ ದೊಡ್ಡ ಅನ್ಯಾಯವಾದದ್ದು ಎನಿಯಾಕ್ ಎಂಬ ಆರಂಭಕಾಲದ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದ ಆರು ಮಂದಿ ಮಹಿಳೆಯರಿಗೆ. 1946ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಆ ಬೃಹತ್ ಯಂತ್ರದ ಪ್ರದರ್ಶನಕ್ಕೆ ಅಣಿಯಾಗಿತ್ತು. ಫಿರಂಗಿಯ ಗುಂಡೊಂದರ ಪಥವನ್ನು, ಗುಂಡು ನಿಜವಾಗಿ ಹಾರಿ ಬೀಳುವುದಕ್ಕಿಂತ ಬೇಗ ಲೆಕ್ಕಹಾಕಿ ತೋರಿಸಬೇಕಿತ್ತು. ಪ್ರೋಗ್ರಾಂ ಸಿದ್ಧಪಡಿಸಿದವರು ಬೆಟ್ಟಿ ಸ್ನೈಡರ್ ಮತ್ತು ಬೆಟ್ಟಿ ಜೀನ್ ಜೆನ್ನಿಂಗ್ಸ್. ಹಿಂದಿನ ರಾತ್ರಿಯವರೆಗೂ ಒಂದು ದೋಷ ಉಳಿದಿತ್ತು: ಗುಂಡು ನೆಲ ಮುಟ್ಟಿದ ಮೇಲೂ ಲೆಕ್ಕ ನಿಲ್ಲದೆ, ಗುಂಡು ನೆಲದೊಳಗೇ ಇಳಿದು ಹೋಗುತ್ತಿತ್ತು. ದಾರಿ ಕಾಣದೆ ಮನೆಗೆ ಹೋದ ಸ್ನೈಡರ್ ಅವರಿಗೆ ನಿದ್ದೆಯಲ್ಲಿ ಉತ್ತರ ಹೊಳೆಯಿತು. ಬೆಳಗ್ಗೆ ಬಂದವರೇ ಸಾವಿರಾರು ಸ್ವಿಚ್ಚುಗಳ ನಡುವೆ ಒಂದನ್ನು ತಿರುಗಿಸಿದರು, ಲೆಕ್ಕ ನೆಲದ ಮೇಲೆ ನಿಂತಿತು. ಪ್ರದರ್ಶನ ಗೆದ್ದಿತು. ಅಂದಿನ ರಾತ್ರಿಯ ಔತಣಕ್ಕೆ ಆ ಮಹಿಳೆಯರನ್ನು ಕರೆಯಲಿಲ್ಲ. ನಲವತ್ತು ವರ್ಷಗಳ ನಂತರ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಫೋಟೋದಲ್ಲಿ ಯಂತ್ರದ ಮುಂದೆ ನಿಂತಿದ್ದ ಹೆಂಗಸರು ಯಾರೆಂದು ವಿಚಾರಿಸಿದಾಗ, ಅವರು ಚಿತ್ರಕ್ಕೆ ನಿಲ್ಲಿಸಿದ ರೂಪದರ್ಶಿಗಳು ಎಂಬ ಉತ್ತರ ಸಿಕ್ಕಿತು.

ಕತೆಯಾಗಿ ನೋಡಿದರೆ ಇದು ಮೆಲ್ ಕತೆಗೆ ಯಾವ ರೀತಿಯಲ್ಲೂ ಕಡಿಮೆಯಿಲ್ಲ. ಅಲ್ಲಿ ಕೊನೆಯಿಲ್ಲದ ಲೂಪು ಆಶ್ಚರ್ಯಕರವಾಗಿ ಕೊನೆಗೊಳ್ಳುತ್ತದೆ, ಇಲ್ಲಿ ಕೊನೆಗೊಳ್ಳಬೇಕಾದ ಲೆಕ್ಕ ಕೊನೆಗೊಳ್ಳದೆ ಕಾಡುತ್ತದೆ. ಇಲ್ಲಿ ರಾತ್ರಿಯಿದೆ, ಕನಸಿದೆ, ಒಂದೇ ಒಂದು ಸ್ವಿಚ್ಚಿದೆ. ಆದರೂ ಪ್ರೋಗ್ರಾಮರ್‌ಗಳು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಮೆಲ್ ಕತೆಯನ್ನು. 1975ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಫೆಲ್ ಫಿಂಕೆಲ್ ಆರಂಭಿಸಿದ ಜಾರ್ಗನ್ ಫೈಲ್ ಎಂಬ ಸಂಗ್ರಹ ಈ ಜಾನಪದದ ಬಹುದೊಡ್ಡ ಭಂಡಾರ. ಮೆಲ್ ಕತೆಯೂ ಸ್ವಿಚ್ಚಿನ ಕತೆಯೂ ಅದರಲ್ಲಿ ಸೇರಿಕೊಂಡು ಅಚ್ಚಾಗಿ ಲೋಕಕ್ಕೆಲ್ಲ ತಲುಪಿದವು. ಸಂಗ್ರಹಿಸಿದವರು ಬೇಕೆಂದೇ ಹೆಂಗಸರನ್ನು ಹೊರಗಿಟ್ಟರೆಂದು ನಾನು ಆರೋಪಿಸುವುದಿಲ್ಲ. ತಮ್ಮ ಪ್ರಯೋಗಾಲಯಗಳಲ್ಲಿ ತಾವು ಕೇಳಿದ್ದನ್ನು ಅವರು ಬರೆದಿಟ್ಟರು. ಆ ಪ್ರಯೋಗಾಲಯಗಳಲ್ಲಿ ನಡುರಾತ್ರಿ ಕುಳಿತು ಕತೆ ಹೇಳುತ್ತಿದ್ದವರು ಬಹುತೇಕ ಯುವಕರು. ಎನಿಯಾಕ್‌ನ ಮಹಿಳೆಯರನ್ನಾದರೋ ಅಂದಿನ ಕಡತಗಳು ವೃತ್ತಿಪರರಿಗಿಂತ ಕೆಳಗಿನ ದರ್ಜೆಯಲ್ಲಿ ನಮೂದಿಸಿದ್ದವು. ಯಾರನ್ನು ಕುಶಲಕರ್ಮಿ ಎಂದು ಒಪ್ಪಿಲ್ಲವೋ ಅವರ ಕೌಶಲದ ಬಗ್ಗೆ ಲಾವಣಿ ಹುಟ್ಟುವುದು ಕಷ್ಟ.

ಈ ಕಾರಣಕ್ಕೇ ನನ್ನ ಮನಸ್ಸು ಬೆಂಗಳೂರಿನ ಕಡೆಗೆ ಹೊರಳುತ್ತದೆ. ಪ್ರೋಗ್ರಾಮನ್ನು ರಂಧ್ರಗಳಾಗಿ ಕೊರೆದ ಪಂಚ್ ಕಾರ್ಡುಗಳ ಕಟ್ಟನ್ನು ಕಂಪ್ಯೂಟರ್ ಕೇಂದ್ರಕ್ಕೆ ಕೊಟ್ಟು, ಉತ್ತರಕ್ಕಾಗಿ ಮರುದಿನದವರೆಗೆ ಕಾದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಕಾರ್ಡು ಪಂಚ್ ಮಾಡುತ್ತಿದ್ದವರೂ, ಟೇಪುಗಳನ್ನು ಬದಲಿಸುತ್ತಿದ್ದವರೂ, ಯಂತ್ರದ ಕೋಣೆಯ ಎಸಿ ಕೆಟ್ಟಾಗ ಓಡಾಡುತ್ತಿದ್ದವರೂ ಇದ್ದಾರೆ. ಅವರಲ್ಲಿ ಹೆಂಗಸರೂ ಇದ್ದಾರೆ, ಯಾವ ಪದನಾಮದಲ್ಲೂ ‘ಪ್ರೋಗ್ರಾಮರ್’ ಎಂದು ಕರೆಸಿಕೊಳ್ಳದವರೂ ಇದ್ದಾರೆ. ಮಾದೇಶ್ವರನ ಕಾವ್ಯಕ್ಕಾಗಿ ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಹಳ್ಳಿ ತಿರುಗಿದ ವಿದ್ವಾಂಸರ ನಾಡು ನಮ್ಮದು. ಆದರೆ ಈ ಜನರ ಕತೆಗಳ ಕನ್ನಡ ಸಂಗ್ರಹವೊಂದು ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮ್ಮ ಮನೆಯಲ್ಲಿ ಅಂತಹ ಅತ್ತೆಯೋ ದೊಡ್ಡಪ್ಪನೋ ಇದ್ದರೆ ದಯವಿಟ್ಟು ಫೋನಿನ ರೆಕಾರ್ಡರ್ ಆನ್ ಮಾಡಿ ಎದುರಿಗೆ ಕುಳಿತುಕೊಳ್ಳಿ. ಅವರು ಯಾವ ಹುದ್ದೆಯಲ್ಲಿ ನಿವೃತ್ತರಾದರು ಎಂಬ ಪ್ರಶ್ನೆ ಬೇಡ. ಯಂತ್ರ ಯಾವಾಗ ಕೈಕೊಟ್ಟಿತು, ಕಾರ್ಡಿನ ಕಟ್ಟು ಕೈಜಾರಿ ನೆಲಕ್ಕೆ ಬಿದ್ದರೆ ಕ್ರಮವನ್ನು ಹೇಗೆ ಹೊಂದಿಸುತ್ತಿದ್ದರು, ಆಫೀಸಿನಲ್ಲಿ ಯಾರ ಹೆಸರು ಹೇಳಿದರೆ ಎಲ್ಲರೂ ನಗುತ್ತಿದ್ದರು ಎಂದು ಕೇಳಿ. ಹೆಸರುಗಳನ್ನು ಅವರು ಹೇಳಿದ ಹಾಗೆಯೇ, ಹೆಂಗಸರದ್ದನ್ನೂ ಆಪರೇಟರ್‌ಗಳದ್ದನ್ನೂ ಬಿಡದೆ, ಬರೆದಿಡಿ.