ಟ್ಯೂನಿಂಗ್ ಆಮೇಲೆ ನೋಡೋಣ ಅನ್ನಬೇಡಿ

ಚಿಪ್ ಒಳಗೆ ಅನಲಾಗ್ ಫಿಲ್ಟರ್ ಮಾಡುವವರಿಗೆ ಒಂದು ಮಾತು ಹೇಳಲೇಬೇಕು. ಮೊದಲು ಫಿಲ್ಟರ್ ಮುಗಿಸೋಣ, ಟ್ಯೂನಿಂಗ್, ಅಂದರೆ ಚಿಪ್ ಬಂದ ಮೇಲೆ ಫಿಲ್ಟರ್‌ನ ಫ್ರೀಕ್ವೆನ್ಸಿ ಸರಿಹೊಂದಿಸುವ ಏರ್ಪಾಡು, ಆಮೇಲೆ ಸೇರಿಸಿದರಾಯಿತು ಅಂತ ಹೊರಡಬೇಡಿ. ಹಾಗೆ ಹೊರಟು ನಾನು ಒಂದು ಟೇಪ್‌ಔಟ್ (ವಿನ್ಯಾಸವನ್ನು ಚಿಪ್ ತಯಾರಿಕೆಗೆ ಕಳಿಸುವ ಸುತ್ತು) ಪೂರ್ತಿ ಕಳೆದುಕೊಂಡಿದ್ದೇನೆ.

ಅದು 1 ವೋಲ್ಟ್ ಸಪ್ಲೈನ ಜಿಎಂ-ಸಿ ಫಿಲ್ಟರ್. ಜಿಎಂ ಅಂದರೆ ಕೊಟ್ಟ ವೋಲ್ಟೇಜಿಗೆ ಎಷ್ಟು ಕರೆಂಟ್ ಬರುತ್ತದೆ ಅನ್ನುವ ಅಳತೆ, ಸಿ ಅಂದರೆ ಕೆಪಾಸಿಟರ್, ಇವೆರಡರ ಅನುಪಾತವೇ ಫ್ರೀಕ್ವೆನ್ಸಿ ನಿರ್ಧರಿಸುತ್ತದೆ. ಕಟಾಫ್, ಅಂದರೆ ಫಿಲ್ಟರ್ ಸಿಗ್ನಲನ್ನು ತಡೆಯಲು ಶುರುಮಾಡುವ ಫ್ರೀಕ್ವೆನ್ಸಿ, 1 ಮೆಗಾಹರ್ಟ್ಸ್ ಇರಬೇಕಿತ್ತು. ಬಯಾಸ್ ಕರೆಂಟ್ (ಟ್ರಾನ್ಸಿಸ್ಟರ್‌ಗಳಲ್ಲಿ ಸದಾ ಹರಿಸುವ ಕರೆಂಟ್) ಬದಲಿಸಿದರೆ ಹೆಚ್ಚುಕಡಿಮೆ ಶೇಕಡಾ 15 ಆಚೀಚೆ ಸರಿಯುತ್ತಿತ್ತು, ಸಾಕು ಅಂದುಕೊಂಡೆ. ಚಿಪ್ ಬಂತು, ಕಟಾಫ್ 740 ಕಿಲೋಹರ್ಟ್ಸ್. ಎಷ್ಟು ಎಳೆದರೂ 850ರ ಹತ್ತಿರವೇ ನಿಂತುಬಿಟ್ಟಿತು.

ಪಕ್ಕಪಕ್ಕದ ಎರಡು ಕೆಪಾಸಿಟರ್‌ಗಳ ಅನುಪಾತ ಶೇಕಡಾ 0.1ರಷ್ಟು ಕರಾರುವಾಕ್ಕಾಗಿ ಸಿಗುತ್ತದೆ. ಆದರೆ ಒಂದೊಂದರ ನಿಜವಾದ ಬೆಲೆ ಬ್ಯಾಚ್‌ನಿಂದ ಬ್ಯಾಚ್‌ಗೆ ಶೇಕಡಾ 10-20 ಓಡಾಡುತ್ತದೆ, ಜಿಎಂ ಕೂಡ ಬಿಸಿಗೆ ಬದಲಾಗುತ್ತದೆ. ಹಾಗಾಗಿ ಫಿಲ್ಟರ್‌ನ ಆಕಾರ ಕೆಡುವುದಕ್ಕಿಂತ ಕಟಾಫ್‌ನ ಜಾಗ ತಪ್ಪುವುದೇ ಜಾಸ್ತಿ.

ಸಪ್ಲೈ 5 ವೋಲ್ಟ್ ಇದ್ದ ಕಾಲದಲ್ಲಿ ಇದು ಇಷ್ಟು ಕಷ್ಟವಿರಲಿಲ್ಲ. 1983ರಲ್ಲಿ ಬಾನು ಮತ್ತು ಸಿವಿಡಿಸ್ ಎಂಬ ಸಂಶೋಧಕರು ತೋರಿಸಿದಂತೆ ಟ್ರಾನ್ಸಿಸ್ಟರನ್ನೇ ರೆಸಿಸ್ಟರ್ ಮಾಡಿಕೊಂಡು, ಗೇಟ್ ವೋಲ್ಟೇಜ್ ಏರಿಸಿ ಇಳಿಸಿ ಟ್ಯೂನ್ ಮಾಡಬಹುದಿತ್ತು. ಈಗ ಸಪ್ಲೈ ಇಳಿದಿದೆ, ಥ್ರೆಶೋಲ್ಡ್ (ಟ್ರಾನ್ಸಿಸ್ಟರ್ ಆನ್ ಆಗಲು ಬೇಕಾದ ವೋಲ್ಟೇಜ್) ಮಾತ್ರ ಅದೇ ಲೆಕ್ಕದಲ್ಲಿ ಇಳಿದಿಲ್ಲ. 1 ವೋಲ್ಟ್‌ನಲ್ಲಿ 0.4 ಅದಕ್ಕೇ ಹೋದರೆ ಉಳಿದದ್ದನ್ನು ಸಿಗ್ನಲ್ಲೂ ಟ್ಯೂನಿಂಗೂ ಹಂಚಿಕೊಳ್ಳಬೇಕು ಅಲ್ವಾ? ಟ್ಯೂನಿಂಗ್‌ಗೆ ಜಾಗ ಬಿಟ್ಟು ಸಿಗ್ನಲ್ ಅರ್ಧಕ್ಕೆ ಇಳಿಸಿದಿರಿ ಅಂದುಕೊಳ್ಳಿ: ನಾಯ್ಸ್ ಲೆಕ್ಕ ಹಳೆಯದೇ ಉಳಿಯಬೇಕಾದರೆ ಕೆಪಾಸಿಟರ್ 4 ಪಟ್ಟು ಬೇಕು, ಅದೇ ಫ್ರೀಕ್ವೆನ್ಸಿಗೆ ಜಿಎಂ ಕೂಡ 4 ಪಟ್ಟು ಬೇಕು, ಅಂದರೆ ಕರೆಂಟೂ ಏರುತ್ತದೆ.

ಅದಕ್ಕೇ ನಾನು ಹೇಳುವುದು, ದೊಡ್ಡ ಹೊಂದಾಣಿಕೆಯನ್ನು ಕೆಪಾಸಿಟರ್ ಬ್ಯಾಂಕ್‌ಗೆ (ಸ್ವಿಚ್‌ಗಳಿಂದ ಸೇರಿಸಿ ತೆಗೆಯಬಹುದಾದ ಕೆಪಾಸಿಟರ್‌ಗಳ ಗುಂಪಿಗೆ) ಬಿಡಿ, ಸಣ್ಣದಕ್ಕೆ ಮಾತ್ರ ಬಯಾಸ್ ಮುಟ್ಟಿ. ಸ್ವಿಚ್‌ಗಳನ್ನು ಗ್ರೌಂಡ್ ಕಡೆಗೇ ಇಡಿ. ಸಪ್ಲೈ ಕಡಿಮೆ ಇದ್ದಾಗ ಸಿಗ್ನಲ್ ಓಡಾಡುವ ನಡುಮಟ್ಟದಲ್ಲಿ ಅವು ಸರಿಯಾಗಿ ಆನ್ ಆಗುವುದೇ ಇಲ್ಲ. 2005ರಲ್ಲಿ ಚಟರ್ಜಿ, ಸಿವಿಡಿಸ್, ಕಿಂಗೆಟ್ ಬರೀ 0.5 ವೋಲ್ಟ್‌ನಲ್ಲಿ ಫಿಲ್ಟರ್ ಮಾಡಿದಾಗಲೂ ಸಿಗ್ನಲನ್ನು ಟ್ರಾನ್ಸಿಸ್ಟರ್‌ನ ಗೇಟ್‌ಗೇ ಕೊಟ್ಟು, ಟ್ಯೂನಿಂಗನ್ನು ವೋಲ್ಟೇಜ್‌ನಿಂದ ಬೆಲೆ ಬದಲಾಗುವ ವ್ಯಾರಾಕ್ಟರ್‌ಗೆ, ಅಂದರೆ ಕೆಪಾಸಿಟರ್ ಕಡೆಗೇ, ಬಿಟ್ಟಿದ್ದರು. ನನಗೆ ತುಂಬಾ ಇಷ್ಟವಾದ ಕೆಲಸ ಅದು.

ಸಬ್‌ಥ್ರೆಶೋಲ್ಡ್‌ನಲ್ಲಿ, ಅಂದರೆ ಟ್ರಾನ್ಸಿಸ್ಟರನ್ನು ಥ್ರೆಶೋಲ್ಡ್‌ಗಿಂತ ಕೆಳಗೆ ಓಡಿಸುವಾಗ, ಕರೆಂಟ್ ಬದಲಿಸಿದರೆ ಫ್ರೀಕ್ವೆನ್ಸಿ ಸಾವಿರ ಪಟ್ಟು ಬೇಕಾದರೂ ಸರಿಯುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ನಿಜ. ಆದರೆ ಸಾದಾ ಜೋಡಿ ಟ್ರಾನ್ಸಿಸ್ಟರ್ ಅಲ್ಲಿ ಕೆಲವೇ ಹತ್ತು ಮಿಲಿವೋಲ್ಟ್ ದಾಟಿದರೆ ಸಿಗ್ನಲ್ ವಕ್ರವಾಗುತ್ತದೆ. ನಿಧಾನದ ಸೆನ್ಸರ್ ಕೆಲಸಕ್ಕೆ ಸರಿ, ಎಲ್ಲದಕ್ಕೂ ಅಲ್ಲ.

ಎರಡನೇ ಸಲ ನಾನು ಸ್ಕೀಮ್ಯಾಟಿಕ್ ತೆರೆಯುವ ಮೊದಲೇ ಕಾರ್ನರ್‌ಗಳ (ತಯಾರಿಕೆ, ಬಿಸಿ, ಸಪ್ಲೈ ಎಷ್ಟು ಆಚೀಚೆ ಹೋಗಬಹುದೋ ಆ ತುದಿಗಳ) ಪಟ್ಟಿ ಮಾಡಿ, 5 ಬಿಟ್‌ನ ಬ್ಯಾಂಕ್ ಇಟ್ಟೆ. ಬಂದ ಚಿಪ್‌ಗಳೆಲ್ಲ 1 ಮೆಗಾಹರ್ಟ್ಸ್ ಮುಟ್ಟಿದವು, ಬ್ಯಾಂಕ್‌ನ ಯಾವ ಸ್ವಿಚ್ ಆನ್ ಅನ್ನುವ ಕೋಡ್ ಮಾತ್ರ ಒಂದೊಂದರಲ್ಲಿ ಬೇರೆ ಬೇರೆ ಇತ್ತು.