ಡಿಗ್ರಿಯಲ್ಲಿ ಭಾಷಣ ಕಡ್ಡಾಯ ಪೇಪರ್ ಆಗಬೇಕಾ?

ಪರ: ಕಲಿಸದೆ ಎಲ್ಲಿಂದ ಬರಬೇಕು?

ಡಿಗ್ರಿ ಎರಡನೇ ವರ್ಷದಲ್ಲಿ ನನಗೆ ಸ್ವಾಗತ ಭಾಷಣ ಮಾಡಲು ಹೇಳಿದರು. ಕಾಸರಗೋಡು ಕಡೆಯ ಒಂದು ಕಾಲೇಜು, ಕನ್ನಡ ಸಂಘದ ಉದ್ಘಾಟನೆ, ಎದುರಿಗೆ ಹೆಚ್ಚೆಂದರೆ 70 ಮಂದಿ. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಅಂತ ಶುರು ಮಾಡಿದೆ. ಮಾತು ನಿಜಕ್ಕೂ ಹೋಯಿತು. ಅತಿಥಿಗಳ ಹೆಸರು ಬರೆದ ಚೀಟಿ ಕೈಯಲ್ಲೇ ಇತ್ತು, ಆದರೆ ಕೈ ನಡುಗುವ ರಭಸಕ್ಕೆ ಒಂದಕ್ಷರ ಕಾಣಲಿಲ್ಲ.

ಕೆಳಗೆ ಇಳಿದಾಗ ಒಬ್ಬರು ಸರ್ ಬೆನ್ನು ತಟ್ಟಿ, "ಬೇಜಾರು ಮಾಡ್ಬೇಡ ಮಾರಾಯ, ಮಾತು ಅಂದ್ರೆ ಹುಟ್ಟಿನಿಂದಲೇ ಬರಬೇಕು" ಅಂದರು. ಸಮಾಧಾನಕ್ಕೆ ಹೇಳಿದ್ದು, ಪಾಪ. ಆದರೆ ಅದು ಸುಳ್ಳು ಅಂತ ನನಗೆ ಗೊತ್ತಿತ್ತು, ಯಾಕೆಂದರೆ ನಮ್ಮ ದೊಡ್ಡಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು.

ತಾಳಮದ್ದಳೆ ಅಂದರೆ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಅದರ ಮೇಲೆ ಮಾತಾಡುತ್ತಾನೆ. ಯಾರೂ ಬರೆದುಕೊಟ್ಟ ಮಾತಲ್ಲ, ಆ ಹೊತ್ತಿಗೆ ಹೊಳೆದದ್ದು. ಕೇಳುವವರಿಗೆ ಇವ ಸರಸ್ವತಿಯನ್ನು ನಾಲಿಗೆ ಮೇಲೆ ಕೂರಿಸಿಕೊಂಡೇ ಹುಟ್ಟಿದವ ಅನಿಸುತ್ತದೆ. ಆದರೆ ಮಳೆಗಾಲ ಬಂದರೆ ದೊಡ್ಡಪ್ಪ ಪ್ರಸಂಗ ಪುಸ್ತಕ ಬಿಡಿಸಿ ಕೂರುತ್ತಿದ್ದರು, ಒಂದೊಂದು ಪದಕ್ಕೂ ಎದುರಿನವ ಯಾವ ಪ್ರಶ್ನೆ ಎತ್ತಬಹುದು ಅಂತ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಾ ತಮ್ಮಷ್ಟಕ್ಕೇ ವಾದ ಮಾಡುತ್ತಿದ್ದರು, ಮತ್ತು ಮೊದಲ ಮೂರು ವರ್ಷ ದೂತನ ಅರ್ಥ ಬಿಟ್ಟರೆ ಅವರಿಗೆ ಬೇರೇನೂ ಸಿಕ್ಕಿರಲಿಲ್ಲ. ಪೀಠಿಕೆ ಎಷ್ಟು ಉದ್ದ ಇರಬೇಕು, ಎಲ್ಲಿ ಬಿಟ್ಟುಕೊಡಬೇಕು ಅನ್ನುವುದನ್ನು ಹಿರಿಯರ ಪಕ್ಕ ಕೂತು ಬೈಸಿಕೊಂಡು ಕಲಿತರು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ನಮ್ಮ ಸೀಮೆಯವರೇ. ಅವರ ವಾಲಿ, ರಾವಣ ಕೇಳಿದವರು ಇವತ್ತಿಗೂ ಅದು ಹುಟ್ಟಿನಿಂದ ಬಂದ ಮಾತು ಅಂತಲೇ ಹೇಳುತ್ತಾರೆ. ಅವರು ಹರಿಕಥೆಯನ್ನೂ ಮಾಡಿ ಪಳಗಿದವರು ಅನ್ನುವುದು ಮಾತ್ರ ನಮಗೆ ಮರೆತುಹೋಗುತ್ತದೆ.

ಅಂದರೆ ನಮ್ಮೂರಿಗೆ ಮಾತು ಕಲಿಯುವ ವಿದ್ಯೆ ಅಂತ ಗೊತ್ತು. ಕಾಲೇಜಿಗೆ ಗೊತ್ತಿಲ್ಲ, ಅಷ್ಟೇ. ಹೊರಗಿನವರಿಗೂ ಇದು ಹೊಸತಲ್ಲ. ಹೇಳುವವನ ಮೇಲಿನ ನಂಬಿಕೆ, ಕೇಳುವವರ ಮನಸ್ಸು, ಮಾತಿನೊಳಗಿನ ತರ್ಕ ಅಂತ ಅರಿಸ್ಟಾಟಲ್ ವಿಂಗಡಿಸಿಟ್ಟು 2300 ವರ್ಷ ದಾಟಿತು. ಅಮೆರಿಕದಲ್ಲಿ 1914ರಲ್ಲಿ 17 ಮಂದಿ ಅಧ್ಯಾಪಕರು ಇಂಗ್ಲಿಷ್ ಮೇಷ್ಟರುಗಳ ಸಂಘದಿಂದ ಹೊರಬಂದು, ಭಾಷಣ ಕಲಿಸುವವರಿಗೆ ಅಂತಲೇ ಬೇರೆ ಸಂಘ ಕಟ್ಟಿದರು. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ, ಭಾಷಣ ಅಭ್ಯಾಸ ಮಾಡುವವರ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಈಗ ಒಬ್ಬರಿಗೆ "ಆಂ", "ಊಂ" ಎಣಿಸುವುದೇ ಕೆಲಸ. ನನ್ನ ಸ್ವಾಗತ ಭಾಷಣಕ್ಕೆ ಅವರು ಬಂದಿದ್ದರೆ ಬೆರಳು ಸಾಲುತ್ತಿರಲಿಲ್ಲ.

ಐಚ್ಛಿಕ ಇಟ್ಟರೆ ಸಾಕು ಅನ್ನುತ್ತಾರೆ. ಆಗ ಯಾರು ತಗೊಳ್ಳುತ್ತಾರೆ? ಶಾಲಾ ಕಲೋತ್ಸವದಲ್ಲಿ ಕನ್ನಡ ಭಾಷಣಕ್ಕೆ ಎ ಗ್ರೇಡ್ ತಂದವರು. ಹಿಂದಿನ ಬೆಂಚಿನವ ಹಿಂದೆಯೇ ಉಳಿಯುತ್ತಾನೆ.

ಮತ್ತೆ ನಮ್ಮ ಗಡಿಯ ಕಥೆಯೇ ಬೇರೆ. ಮನೆಯಲ್ಲಿ ತುಳು ಅಥವಾ ಹವ್ಯಕ ಭಾಷೆ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಆಫೀಸಿನಲ್ಲಿ ಮಲಯಾಳ. ಗ್ರಾಮಸಭೆಗೆ ಹೋಗಿ ನೋಡಿ. ನಮ್ಮವರು ಗೋಡೆಗೆ ಒರಗಿ ನಿಂತಿರುತ್ತಾರೆ. ಈ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. ಆದರೆ ಅದನ್ನು ಎದ್ದು ನಿಂತು ಹೇಳುವವ ಬೇಕಲ್ವಾ? ಮೂರ್ನಾಲ್ಕು ವರ್ಷ ಡಿಗ್ರಿ ಓದಿದ ಮಗು ಹತ್ತು ಮಂದಿಯ ಎದುರು ಎರಡು ನಿಮಿಷ ಮಾತಾಡದಿದ್ದರೆ ಆ ಡಿಗ್ರಿ ಎಂತಕ್ಕೆ?

ವಿರೋಧ: ದೊಡ್ಡಪ್ಪನಿಗೆ ಇಂಟರ್ನಲ್ ಎಷ್ಟು ಸಿಕ್ಕಿತ್ತು?

ದೊಡ್ಡಪ್ಪನ ಕಥೆ ನನಗೂ ಇಷ್ಟವಾಯಿತು. ಆದರೆ ಅವರಿಗೆ ಯಾರಾದರೂ 20ಕ್ಕೆ ಇಷ್ಟು ಅಂತ ಅಂಕ ಕೊಟ್ಟಿದ್ದರಾ? ಹಾಜರಾತಿ ಇತ್ತಾ? ಹಟ್ಟಿಯಲ್ಲಿ ವಾದ ಮಾಡು ಅಂತ ಯಾರೂ ಅವರನ್ನು ಕಡ್ಡಾಯ ಮಾಡಿರಲಿಲ್ಲ. ಗ್ರೀಕ್ ಭಾಷಣಕಾರ ಡೆಮಾಸ್ತನೀಸ್ ಬಾಯಲ್ಲಿ ಕಲ್ಲು ಇಟ್ಟುಕೊಂಡು ಅಭ್ಯಾಸ ಮಾಡಿದ ಅನ್ನುತ್ತಾರೆ. ಕಲ್ಲು ತುಂಬಿಸಿದ್ದು ಸಿಲಬಸ್ ಅಲ್ಲ.

ನಾನು ಕಾಲೇಜಿನಲ್ಲಿ ಪಾಠ ಮಾಡುವವ. ಮಾತು ಕಲಿಸಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು "ಕಡ್ಡಾಯ" ಮತ್ತು "ಪೇಪರ್" ಅನ್ನುವ ಎರಡು ಶಬ್ದಗಳ ಮೇಲೆ. ಸ್ವಲ್ಪ ಲೆಕ್ಕ ಮಾಡೋಣ. ಕ್ಲಾಸಿನಲ್ಲಿ 60 ಮಕ್ಕಳು. ಒಬ್ಬರಿಗೆ 5 ನಿಮಿಷ ಮಾತು, 3 ನಿಮಿಷ ತಿದ್ದುವುದು. ಒಂದು ಸುತ್ತಿಗೆ 8 ಗಂಟೆ. ಒಂದು ಸುತ್ತಿನಲ್ಲಿ ಯಾರೂ ಏನೂ ಕಲಿಯುವುದಿಲ್ಲ, ಕನಿಷ್ಠ ಮೂರು ಬೇಕು, ಅಂದರೆ 24 ಗಂಟೆ. 45 ಗಂಟೆಯ ಪೇಪರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಯಿತು. ಇದರಲ್ಲಿ ಒಬ್ಬನ ಬಾಯಿ ತೆರೆದದ್ದು ಒಟ್ಟು 15 ನಿಮಿಷ. 2024ರಲ್ಲಿ ಕೇರಳಕ್ಕೆ ನಾಲ್ಕು ವರ್ಷದ ಡಿಗ್ರಿ ಬಂದ ಮೇಲೆ ಪೇಪರುಗಳ ಲೆಕ್ಕ ಇಡುವುದೇ ಒಂದು ಕೆಲಸ. ಆಗ ಏನಾಗುತ್ತದೆ ನಾನು ಹೇಳುತ್ತೇನೆ, ಯಾಕೆಂದರೆ ಮಾಡುವವ ನಾನೇ. ನೋಟ್ಸ್ ಬರೆಸುತ್ತೇವೆ. "ಉತ್ತಮ ಭಾಷಣಕಾರನ ಎಂಟು ಲಕ್ಷಣಗಳನ್ನು ವಿವರಿಸಿ, 5 ಅಂಕ." ಮಕ್ಕಳು ಬಾಯಿಪಾಠ ಮಾಡಿ, ಬಾಯಿ ಬಿಡದೆ ಬರೆದು ಪಾಸಾಗುತ್ತಾರೆ.

ಹೆದರುವ ಮಗುವನ್ನು ವೇದಿಕೆಗೆ ತಳ್ಳಿದರೆ ಹೆದರಿಕೆ ಹೋಗುತ್ತದೆ ಅನ್ನುವುದು ಈಜು ಬಾರದವನನ್ನು ಪಯಸ್ವಿನಿ ಹೊಳೆಗೆ ದೂಡಿದ ಹಾಗೆ. ಜೇಮ್ಸ್ ಮೆಕ್‌ಕ್ರಾಸ್ಕಿ ಅನ್ನುವ ಅಮೆರಿಕದ ಪ್ರೊಫೆಸರ್ 1970ರಲ್ಲೇ ಈ ಭಯವನ್ನು ಅಳೆಯಲು ಪ್ರಶ್ನಾವಳಿ ಮಾಡಿದವರು. ಅತಿಯಾಗಿ ಹೆದರುವವರಿಗೆ ಬರೀ ಭಾಷಣದ ಪಾಠ ಸಾಲದು, ಮೊದಲು ಭಯವನ್ನೇ ಮೆಲ್ಲ ಮೆಲ್ಲ ಇಳಿಸಬೇಕು ಅನ್ನುವುದು ಅವರ ವಾದ. ಅದಕ್ಕೆ ಸಮಯ ಬೇಕು, ಸಣ್ಣ ಗುಂಪು ಬೇಕು. ನಮ್ಮಲ್ಲಿ ಇರುವುದು ಮಾರ್ಕ್ ಶೀಟ್.

ಇನ್ನು ಗಡಿಯ ಮಾತು. ಅದನ್ನೇ ತಿರುಗಿಸಿ ಕೇಳುತ್ತೇನೆ, ಯಾವ ಭಾಷೆಯಲ್ಲಿ ಭಾಷಣ? ಪೇಪರ್ ಬಂದರೆ ಇಂಗ್ಲಿಷಿನಲ್ಲೇ ಬರುತ್ತದೆ, ಕಲಿಸುವವರು ಹೆಚ್ಚಾಗಿ ಮಲಯಾಳಿಗಳು. ಮುಳ್ಳೇರಿಯ ಕಡೆಯಿಂದ ಬಂದ ಹುಡುಗನಿಗೆ "ಉಚ್ಚಾರ ಸರಿಯಿಲ್ಲ" ಅಂತ ಎರಡು ಅಂಕ ಹೋಗುತ್ತದೆ. ಕನ್ನಡದಲ್ಲೇ ಇಟ್ಟರೂ ನಮ್ಮ ಮಕ್ಕಳ ತುಳು ರಾಗಕ್ಕೆ ಮೂಗು ಮುರಿಯುವವರು ಇದ್ದೇ ಇದ್ದಾರೆ. ಗ್ರಾಮಸಭೆಯಲ್ಲಿ ಗೋಡೆಗೆ ಒರಗಿ ನಿಂತವನಿಗೆ ಭಾಷಣ ಕಲೆ ಗೊತ್ತಿಲ್ಲ ಅಂತಲ್ಲ, ಅವನ ಭಾಷೆ ಅಲ್ಲಿ ಯಾರಿಗೂ ಬೇಡ. ಪೇಪರ್ ಪಾಸಾದರೆ ಅದು ಬದಲಾಗುತ್ತದಾ?

ತಾಳಮದ್ದಳೆಯಲ್ಲಿ ಎದುರಿಗೆ ಒಬ್ಬ ಅರ್ಥಧಾರಿ ಇರುತ್ತಾನೆ. ಅವನು ಕೇಳುತ್ತಾನೆ, ಕೊಂಕು ತೆಗೆಯುತ್ತಾನೆ, ಸಿಕ್ಕಿಸುತ್ತಾನೆ. ಅದಕ್ಕೇ ಅಲ್ಲಿ ಮಾತಿಗೆ ಜೀವ. ಕ್ಲಾಸಿನಲ್ಲಿ "ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ" ಅಂತ ಶುರುವಾಗಿ "ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ" ಅಂತ ಮುಗಿಯುವ ಭಾಷಣವನ್ನು ಯಾರು ಕೇಳುತ್ತಾರೆ? ವಾರಕ್ಕೆ ಒಂದು ಗಂಟೆ ಖಾಲಿ ಕೊಡಿ, ಬೇಕಾದ ಭಾಷೆಯಲ್ಲಿ ಜಗಳ ಆಡಲಿ, ಅಂಕ ಬೇಡ. ನಾನೂ ಬಂದು ಕೂರುತ್ತೇನೆ.

ಒಂದು ಸಲ ಸೆಮಿನಾರ್ ಅಂಕಕ್ಕಾಗಿ ಎಲ್ಲರಿಂದಲೂ ಮಾತಾಡಿಸಿದ್ದೆ. ಒಬ್ಬಳು ಹುಡುಗಿ ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ ನೆಲ ನೋಡಿದಳು. ಅದೇ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪಕ್ಕದ ಮೇಜಿನಿಂದ ಅವಳ ಸ್ವರ ಕೇಳಿತು. ಅರ್ಧ ಕನ್ನಡ, ಅರ್ಧ ತುಳು. ಅಡಿಕೆಯ ಕೊಳೆರೋಗಕ್ಕೆ ಮದ್ದು ಮಾಡುವುದು ಹೇಗೆ ಅಂತ ಹೇಳುತ್ತಿದ್ದಳು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು, ಹದ ನೋಡಲು ಕತ್ತಿ ಅದ್ದಬೇಕು, ಕತ್ತಿಯ ಮೇಲೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಅಪ್ಪ ಒಮ್ಮೆ ಇದನ್ನು ನೋಡದೆ ಹೊಡೆದು ಗೊನೆ ಕರಟಿದ ಕಥೆ ಬಂತು. ಆರು ಮಂದಿ ಊಟ ಬಿಟ್ಟು ಕೇಳುತ್ತಿದ್ದರು, ನನ್ನ ಚಹಾ ತಣಿದಿತ್ತು. ಬೆಳಗ್ಗೆ ನಾನು ಅವಳಿಗೆ ಕೊಟ್ಟದ್ದು 20ಕ್ಕೆ 9.